ಬೀಜದೊಳಗಿನ ಕಂಪು: ಕೊಡಗಿನ ಏಲಕ್ಕಿ ಎಣ್ಣೆ

ಏಲಕ್ಕಿ ಕೊಳ್ಳುವವರ ಕಣ್ಣು ಮೊದಲು ಬೀಳುವುದು ಅದರ ಹಸಿರಿನ ಮೇಲೆ. ಎಣ್ಣೆ ತೆಗೆಯುವವರಿಗೆ ಆ ಹಂಗಿಲ್ಲ. ಎಣ್ಣೆ ಇರುವುದು ಬೀಜದ ಹೊರಪದರದ ಕೆಳಗಿನ ಕೋಶಗಳಲ್ಲಿ. ಸಿಪ್ಪೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಬಣ್ಣಗೆಟ್ಟು ಬೆಲೆ ಕಳೆದುಕೊಂಡ ಕಾಯಿಗೂ ಭಟ್ಟಿಯಲ್ಲಿ ಮರ್ಯಾದೆಯುಂಟು.

ಕೊಡಗಿಗೆ ಏಲಕ್ಕಿ ಹೊಸತಲ್ಲ. ಕಾಫಿ ಬರುವ ಮೊದಲೇ ಪಶ್ಚಿಮ ಘಟ್ಟದ ಏಲಕ್ಕಿ ಮಲೆಗಳಲ್ಲಿ ದೊಡ್ಡ ಮರವೊಂದನ್ನು ಉರುಳಿಸಿ ಬಿಸಿಲು ಬಿಡಿಸಿದರೆ, ತೆರವಾದ ನೆಲದಲ್ಲಿ ಗಿಡ ತಾನೇ ಏಳುತ್ತಿತ್ತು. ಆಮೇಲೆ ಕಾಫಿ ಹಬ್ಬಿತು, ಕಟ್ಟೆ ರೋಗ ಕಾಡಿತು. ಆ ರೋಗಕ್ಕೆ ತಡೆ ಹುಡುಕಿದ್ದು ಮಡಿಕೇರಿ ಹತ್ತಿರದ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರ. 'ವಿಜೇತ' ಕಟ್ಟೆ ರೋಗ ತಡೆಯುವ ತಳಿ, 'ಅವಿನಾಶ್' ಗೆಡ್ಡೆ ಕೊಳೆ ತಾಳುವ ತಳಿ, 'ಸುವಾಸಿನಿ'ಯೂ ಅಲ್ಲಿಯದೇ.

ಎಣ್ಣೆ ತೆಗೆಯುವಾಗ ಸಿಪ್ಪೆ ಬಿಡಿಸಿ, ಬೀಜವನ್ನು ತರಿತರಿಯಾಗಿ ಒಡೆದು, ತಡಮಾಡದೆ ಹಬೆ ಹಾಯಿಸುತ್ತಾರೆ. ಒಡೆದಿಟ್ಟ ಬೀಜ ರಾತ್ರಿ ಕಳೆದರೆ ಕಂಪೂ ಕಳೆದ ಹಾಗೆ. ಹಬೆ ತಣಿದಾಗ ನೀರಿನ ಮೇಲೆ ತೆಳು ಹಳದಿ ಎಣ್ಣೆ ತೇಲುತ್ತದೆ. ಒಳ್ಳೆಯ ಬೀಜವಾದರೆ ನೂರು ಕಿಲೋಗೆ 6ರಿಂದ 8 ಕಿಲೋ. ಮೊದಲು ಇಳಿಯುವುದು ಮೂಗಿಗೆ ಚುರುಕು ಮುಟ್ಟಿಸುವ ಸಿನಿಯೋಲ್, ನೀಲಗಿರಿ ಎಣ್ಣೆಯ ಮುಖ್ಯ ಅಂಶವೂ ಅದೇ. ಸಿಹಿಗಂಪಿನ ಟರ್ಪಿನೈಲ್ ಅಸಿಟೇಟ್ ನಿಧಾನ ಬರುತ್ತದೆ. ಉರಿ ಬೇಗ ಆರಿಸಿದವನಿಗೆ ಸಿಗುವುದು ಔಷಧದಂಗಡಿಯ ವಾಸನೆ. ಕೊಡಗಿನಲ್ಲಿ ಹೆಚ್ಚಾಗಿ ಬೆಳೆಯುವ 'ಮಲಬಾರ್' ಬಗೆಯಲ್ಲಿ ಸಿನಿಯೋಲ್ ತುಸು ಜಾಸ್ತಿಯೇ.

ಮದ್ದಿನ ಮಾತಿಗೆ ಬರೋಣ. ಹೊಟ್ಟೆಯುಬ್ಬರಕ್ಕೆ ಏಲಕ್ಕಿ ಜಜ್ಜಿ ಕುದಿಸಿದ ನೀರು, ವಾಕರಿಕೆಗೆ ಬಾಯಲ್ಲಿ ನಾಲ್ಕು ಕಾಳು, ಇವು ಮನೆಮನೆಯ ರೂಢಿ. ಆಯುರ್ವೇದದಲ್ಲಿ ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣದಲ್ಲಿ ಕಲ್ಲುಸಕ್ಕರೆ 16 ಭಾಗವಾದರೆ ಏಲಕ್ಕಿ 2 ಭಾಗ. ಅಜೀರ್ಣಕ್ಕೆ ಏಲಕ್ಕಿ ಬಳಸಬಹುದೆಂದು ಜರ್ಮನಿಯ ಗಿಡಮೂಲಿಕೆ ತಜ್ಞರ ಸಮಿತಿಯೂ ಒಪ್ಪಿತ್ತು. ಪಿತ್ತಕೋಶದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳಿಯೇ ಬಳಸಬೇಕೆಂದೂ ಹೇಳಿತ್ತು. ಪ್ರಯೋಗಶಾಲೆಯಲ್ಲಿ ಎಣ್ಣೆ ಕೆಲವು ಸೂಕ್ಷ್ಮಾಣುಗಳನ್ನು ತಡೆದದ್ದುಂಟು, ಆದರೆ ಗಾಜಿನ ತಟ್ಟೆ ಬೇರೆ, ಮನುಷ್ಯನ ಮೈ ಬೇರೆ.

'ಬಿಪಿ ಇಳಿಸುತ್ತದೆ' ಎಂಬ ಮಾತಿಗೆ ಆಧಾರವಾಗಿ ಹೇಳುವ 2009ರ ಭಾರತೀಯ ಅಧ್ಯಯನದಲ್ಲಿ ಇದ್ದವರು 20 ಮಂದಿ. ಅವರು 12 ವಾರ ತೆಗೆದುಕೊಂಡದ್ದು ದಿನಕ್ಕೆ 3 ಗ್ರಾಂ ಏಲಕ್ಕಿ ಪುಡಿ, ಎಣ್ಣೆಯಲ್ಲ. ಅದರ ಹೆಸರು ಹೇಳಿ ಎಣ್ಣೆಯ ಸೀಸೆ ಮಾರುವುದು ವ್ಯಾಪಾರ, ವೈದ್ಯವಲ್ಲ. ಕಾಯಿಯನ್ನು ತಲೆಮಾರುಗಟ್ಟಲೆ ತಿಂದು ನೋಡಿದ್ದೇವೆ. ಭಟ್ಟಿ ಇಳಿಸಿದ ಎಣ್ಣೆಗೆ ಆ ಅನುಭವದ ಜಾಮೀನು ಸಿಗದು.

ಮಡಿಕೇರಿಗೆ ಹೋದಾಗ ಈ ಎಣ್ಣೆ ಕೊಂಡರೆ ಕೊಬ್ಬರಿ ಎಣ್ಣೆಗೆ ಒಂದೆರಡು ಹನಿ ಬೆರೆಸಿ, ಮೊದಲು ಮೊಣಕೈ ಹತ್ತಿರ ಹಚ್ಚಿ ನೋಡಿ. ಹಾಗೇ ಕುಡಿಯಬೇಡಿ. ಕೈಗೂಸುಗಳ ಮೂಗಿನ ಬಳಿ ಖಂಡಿತ ತರಬೇಡಿ, ಸಿನಿಯೋಲ್‌ನಿಂದ ಅವುಗಳ ಉಸಿರಾಟಕ್ಕೆ ತೊಂದರೆಯಾಗಬಹುದು. ಹೊಟ್ಟೆಯುಬ್ಬರಕ್ಕಾದರೆ ಇಡೀ ಕಾಯಿ ಕೊಂಡು, ಬೇಕಾದಾಗಷ್ಟೇ ಬಿಡಿಸಿ ಜಜ್ಜಿಕೊಳ್ಳಿ.