ಪೆಟ್ಟಿಗೆಗೆ ಯಾವ ಜೇನು?

ಪ್ರಶ್ನೆ: ಹಿತ್ತಲಲ್ಲಿ ಜೇನು ಸಾಕುವಾಸೆ. ಮರದ ಮೇಲಿನ ಹೆಜ್ಜೇನನ್ನೇ ಪೆಟ್ಟಿಗೆಗೆ ಇಳಿಸಬಹುದೇ?

ಉತ್ತರ: ಆಗದು. ಹೆಜ್ಜೇನು ಬಯಲಲ್ಲಿ ಒಂದೇ ದೊಡ್ಡ ಎರಿ ಕಟ್ಟಿ, ಕಾಲ ಬದಲಾದಾಗ ವಲಸೆ ಹೋಗುವ ನೊಣ. ಕತ್ತಲ ಪೆಟ್ಟಿಗೆ ಅದಕ್ಕೆ ಒಗ್ಗದು. ನಿಮಗೆ ಬೇಕಾದದ್ದು ತುಡುವೆ. ಪೊಟರೆ, ಹುತ್ತಗಳೊಳಗೆ ಸಾಲಾಗಿ ಹಲವು ಎರಿ ಕಟ್ಟುವ ಅದರ ಸ್ವಭಾವಕ್ಕೆ ಪೆಟ್ಟಿಗೆಯ ಚೌಕಟ್ಟುಗಳು ಚೆನ್ನಾಗಿ ಒಗ್ಗುತ್ತವೆ. ಮಳೆ ಮುಗಿದ ಮೇಲೆ, ಅನುಭವಿ ಸಾಕಣೆದಾರರಿಂದ ರಾಣಿಯಿರುವ ಕುಟುಂಬವನ್ನೇ ಕೊಳ್ಳಿ. ಪೆಟ್ಟಿಗೆ ನೆರಳಲ್ಲಿರಲಿ, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲಿಡಿ. ಮೇಲಿನ ಕೋಣೆಯ ತುಪ್ಪವನ್ನಷ್ಟೇ ತೆಗೆಯಿರಿ. ಮರಿಗಳಿರುವ ಕೆಳಗಿನ ಕೋಣೆಗೆ ದಯವಿಟ್ಟು ಕೈಹಾಕಬೇಡಿ, ಅಲ್ಲಿರುವ ತುಪ್ಪ ನೊಣಗಳ ಬುತ್ತಿ. ಮಲೆನಾಡಿನ ಜಡಿಮಳೆಯಲ್ಲಿ ಹೂವೇ ಸಿಗದ ದಿನಗಳಿಗೆ ಸಕ್ಕರೆ ಪಾಕ ಕೊಡಬೇಕು. ಹಸಿದ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ.