ಮೇಜಿನ ಮೇಲಿನ ರೈಲುದಾರಿ

ಕೀಲಿ ಕೊಟ್ಟು ಬಿಟ್ಟರೆ ನಡುಮನೆಯನ್ನು ಒಂದು ಸುತ್ತು ಬಂದು ನಿಲ್ಲುವ ರೈಲು ಮಕ್ಕಳ ಆಟದ ಸಾಮಾನು. ಅದನ್ನು ಎಲ್ಲರೂ ಕಂಡಿದ್ದೇವೆ. ಇಲ್ಲಿ ಹೇಳಹೊರಟಿರುವುದು ಆ ಜಾತಿಯದಲ್ಲ. ಇಂಗ್ಲೆಂಡು, ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ವೈದ್ಯರು, ಗುಮಾಸ್ತರು, ಉಪಾಧ್ಯಾಯರು, ಕಾರ್ಖಾನೆಯ ಕೆಲಸಗಾರರು ತಮ್ಮ ಬಿಡುವಿನ ವೇಳೆಯನ್ನೆಲ್ಲ ಸುರಿದು, ಇಪ್ಪತ್ತು ಮೂವತ್ತು ವರ್ಷ ಹಿಡಿದ ಕೈ ಬಿಡದೆ ಕಟ್ಟುವ ಮಾದರಿ ರೈಲುದಾರಿಯ ವಿಚಾರ ಇದು. ಅದರಲ್ಲಿ ಎಂಜಿನು, ಡಬ್ಬಿ, ಹಳಿ ಮಾತ್ರವಲ್ಲದೆ ಸೇತುವೆ, ಸುರಂಗ, ಕೈಮರ, ಸ್ಟೇಷನ್ನಿನ ಹಿಂದಿನ ಬೀದಿ, ಬೀದಿಯ ಅಂಗಡಿ, ಅಂಗಡಿಯ ಮುಂದೆ ನಿಂತ ಗಿರಾಕಿ, ಎಲ್ಲವೂ ಇರುತ್ತವೆ. ಇಡೀ ಹರಹಿಗೆ ಅವರು ‘ಲೇಔಟ್’ ಎನ್ನುತ್ತಾರೆ. ಲೇಔಟ್ ಎಂದೊಡನೆ ನಮ್ಮ ಬೆಂಗಳೂರಿನವರಿಗೆ ನಿವೇಶನದ ಬೆಲೆ ನೆನಪಾಗುತ್ತದೆ. ಇಲ್ಲಿ ಆ ಭಯವಿಲ್ಲ.

ಈ ಹವ್ಯಾಸದಲ್ಲಿ ಕೈಚಳಕವೇ ಮುಖ್ಯವೆಂದು ನೋಡಿದವರು ತಿಳಿಯುತ್ತಾರೆ. ಕೈಚಳಕ ಬೇಕು, ನಿಜ. ಆದರೆ ಇದನ್ನು ಇಷ್ಟು ಕಾಲ ಬಾಳಿಸಿಕೊಂಡು ಬಂದಿರುವುದು ಬೇರೊಂದು ಗುಣ. ಒಬ್ಬನ ಬಂಡಿ ಇನ್ನೊಬ್ಬನ ಹಳಿಯ ಮೇಲೆ ಓಡಬೇಕು ಎಂಬ ಹಟ ಅದು. ಆ ಹಟದಿಂದ ಏನೇನು ಬೆಳೆಯಿತೆಂಬುದನ್ನು ನೋಡೋಣ.

ಮೊದಲು ಅಳತೆ. ಹೆಚ್ಚು ಬಳಕೆಯಲ್ಲಿರುವ ಪ್ರಮಾಣಕ್ಕೆ ಎಚ್‌ಓ ಎಂದು ಹೆಸರು. ನಿಜವಾದ ವಸ್ತುವಿನ 87ನೆಯ ಒಂದು ಪಾಲು ಮಾದರಿ. ಪಾಶ್ಚಾತ್ಯರ ಸಾಮಾನ್ಯ ಹಳಿಯ ಅಗಲ 1435 ಮಿಲಿಮೀಟರು, ಭಾಗಿಸಿದರೆ 16.5 ಬರುತ್ತದೆ. ಇದಕ್ಕಿಂತ ಚಿಕ್ಕದಾದ ‘ಎನ್’ ಎಂಬುದರಲ್ಲಿ ಪ್ರಮಾಣ 160ಕ್ಕೆ 1, ಹಳಿ 9 ಮಿಲಿಮೀಟರು. ಇಂಗ್ಲೆಂಡಿನಲ್ಲಿ ಮಾತ್ರ ಒಂದು ವಿಚಿತ್ರ ನಡೆಯಿತು. ಅಲ್ಲಿನ ಸೇತುವೆ ಸುರಂಗಗಳು ಇಕ್ಕಟ್ಟಾದುದರಿಂದ ಎಂಜಿನುಗಳೂ ಗಾತ್ರದಲ್ಲಿ ಸಣ್ಣವು. ಅವನ್ನು 87ರಿಂದ ಭಾಗಿಸಿದರೆ, ಆ ಕಾಲದ ವಿದ್ಯುತ್ ಮೋಟಾರು ಹೊಟ್ಟೆಯೊಳಗೆ ಹಿಡಿಸಲಿಲ್ಲ. ತಯಾರಕರು ಒಡಲನ್ನು 76ನೆಯ ಒಂದು ಪಾಲಿಗೆ ಹಿಗ್ಗಿಸಿ, ಹಳಿಯನ್ನು 16.5ರಲ್ಲಿಯೇ ಬಿಟ್ಟರು. ಹೀಗಾಗಿ ಇಂಗ್ಲಿಷ್ ಮಾದರಿಗಳು ಇಂದಿಗೂ ತಮ್ಮ ಮೈಗೆ ಕಿರಿದಾದ ಹಳಿಯ ಮೇಲೆ ಓಡುತ್ತವೆ. ಇದನ್ನು ಸಹಿಸದ ಮಡಿವಂತರು 18.83 ಮಿಲಿಮೀಟರಿನ ಹಳಿಯನ್ನು ತಾವೇ ಕೈಯಾರೆ ಹಾಕಿಕೊಳ್ಳುತ್ತಾರೆ. ಆ ಎರಡು ದಶಾಂಶ ಸ್ಥಾನಗಳನ್ನು ಗಮನಿಸಿದರೆ ಮಡಿ ಎಷ್ಟು ಕಟ್ಟುನಿಟ್ಟಿನದೆಂದು ನಿಮಗೆ ತಿಳಿಯುತ್ತದೆ.

ನಮ್ಮ ದೇಶದ ಹವ್ಯಾಸಿಗೂ ಇಂಥದೇ ತೊಡಕು. ನಮ್ಮ ಬ್ರಾಡ್ ಗೇಜು 1676 ಮಿಲಿಮೀಟರು. 87ರಿಂದ ಭಾಗಿಸಿದರೆ 19¼ರಷ್ಟಾಗುತ್ತದೆ. ಆ ಅಗಲದ ಹಳಿ ಅಂಗಡಿಯಲ್ಲಿ ಸಿಕ್ಕುವುದಿಲ್ಲವಾದುದರಿಂದ ಬಹುಮಂದಿ ಭಾರತದ ಎಂಜಿನನ್ನು ಪರದೇಶದ 16.5ರ ಹಳಿಯ ಮೇಲೆಯೇ ಓಡಿಸುತ್ತಾರೆ. ಹಿಂದೆ ಮೈಸೂರು ಸೀಮೆಯಲ್ಲೆಲ್ಲ ಹರಡಿದ್ದ ಮೀಟರ್ ಗೇಜನ್ನು ಮಾಡಹೊರಟವನಿಗೆ ಸ್ವಲ್ಪ ಅನುಕೂಲ ಹೆಚ್ಚು. ಲೆಕ್ಕದಂತೆ 11½ ಬೇಕು; ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳನ್ನು ಮಾಡುವವರಿಗಾಗಿ 12 ಮಿಲಿಮೀಟರಿನ ಹಳಿ ತಯಾರಾಗುತ್ತದೆ.

ಉದ್ದವನ್ನು ಮಾತ್ರ ಯಾರೂ ಪೂರ್ತಿ ಇಟ್ಟುಕೊಳ್ಳಲಾರರು. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು 138 ಕಿಲೋಮೀಟರು. ಇದನ್ನು ಎಚ್‌ಓ ಪ್ರಮಾಣದಲ್ಲಿ ಹಾಸಿದರೂ ಒಂದೂವರೆ ಕಿಲೋಮೀಟರಿಗೆ ಮೇಲಾಗುತ್ತದೆ. ತೂಕದ ಲೆಕ್ಕ ಇನ್ನೂ ಸ್ವಾರಸ್ಯ. ಉದ್ದ 87ರಲ್ಲಿ ಒಂದಾದರೆ ತೂಕ 87ರ ಘನದಲ್ಲಿ, ಅಂದರೆ ಆರೂವರೆ ಲಕ್ಷಕ್ಕೂ ಮೇಲ್ಪಟ್ಟ ಸಂಖ್ಯೆಯಲ್ಲಿ ಒಂದು. 40 ಟನ್ನಿನ ಗೂಡ್ಸ್ ಡಬ್ಬಿ 60 ಗ್ರಾಮಿಗೆ ಇಳಿದುಹೋಗುತ್ತದೆ. ಇಂಥ ಹಗುರವಾದ ಡಬ್ಬಿ ಉದ್ದವಾದ ರೈಲಿನ ನಡುವೆ ಸಿಕ್ಕಿಕೊಂಡರೆ, ತಿರುವಿನಲ್ಲಿ ಮುಂದಿನವು ಎಳೆದು ಹಿಂದಿನವು ಜಗ್ಗಿ, ಹಳಿ ತಪ್ಪಿ ಒಳಮಗ್ಗುಲಿಗೆ ಉರುಳುತ್ತದೆ. ಆದುದರಿಂದ ಡಬ್ಬಿಯ ಒಳಗೆ ಸೀಸದ ತುಂಡನ್ನು ಅಂಟಿಸುತ್ತಾರೆ. ಎಷ್ಟು ಅಂಟಿಸಬೇಕು? ನನ್ನ ಡಬ್ಬಿ ಭಾರವಾಗಿ ನಿಮ್ಮದು ಹಗುರವಾದರೆ, ಎರಡೂ ಒಂದೇ ರೈಲಿನಲ್ಲಿ ಹೋಗುವಂತಿಲ್ಲ. ಇಬ್ಬರೂ ಮೊದಲೇ ಒಂದು ಮಾತಿಗೆ ಬರಬೇಕು.

ಆ ಮಾತು ಬಂದದ್ದು ಅಮೆರಿಕದ ಮಿಲ್‌ವಾಕಿ ನಗರದಲ್ಲಿ. 1934ರ ಜನವರಿಯಲ್ಲಿ ಅಲ್ಲಿ ಕಾಲ್ಮ್‌ಬ್ಯಾಕ್ ಎಂಬುವರು ‘ಮಾಡೆಲ್ ರೈಲ್‌ರೋಡರ್’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಊರೂರುಗಳಲ್ಲಿ ಒಬ್ಬೊಬ್ಬರೇ ಕುಳಿತು ಮಾಡುತ್ತಿದ್ದವರು ತಮ್ಮ ಲೇಔಟಿನ ಚಿತ್ರ, ನಕ್ಷೆ, ಕೆಲಸದ ಕ್ರಮಗಳನ್ನು ಬರೆದು ಕಳುಹಿಸತೊಡಗಿದರು. ಒಬ್ಬರ ಕೆಲಸ ಇನ್ನೊಬ್ಬರ ಕಣ್ಣಿಗೆ ಬಿದ್ದಾಗಲೇ ಒಂದು ಕಂಪನಿಯ ಚಕ್ರ ಇನ್ನೊಂದು ಕಂಪನಿಯ ಹಳಿಗೆ ಹೊಂದುವುದಿಲ್ಲವೆಂಬ ಪೇಚು ಎಲ್ಲರ ಪೇಚಾಗಿ ಕಂಡಿತು. ಮರುವರ್ಷವೇ, 1935ರಲ್ಲಿ, ಅದೇ ಊರಿನಲ್ಲಿ ಹವ್ಯಾಸಿಗಳು ಸೇರಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿ ಅಳತೆಗಳನ್ನು ಗೊತ್ತುಮಾಡಹೊರಟರು. ಹಳಿಯ ಅಗಲ ಒಂದೇ ಇದ್ದರೆ ಸಾಲದು. ಒಂದೇ ಅಚ್ಚಿನ ಎರಡು ಚಕ್ರಗಳ ಬೆನ್ನಿಂದ ಬೆನ್ನಿಗೆ ಇರುವ ಅಂತರ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಹಳಿ ಕವಲೊಡೆಯುವ ಪಾಯಿಂಟ್ಸಿನಲ್ಲಿ ಬಂಡಿ ಮುಗ್ಗರಿಸುತ್ತದೆ. ಆ ಸಂಘದವರು ಕಚ್ಚುಗಳನ್ನು ಕೊರೆದ ಒಂದು ಲೋಹದ ಬಿಲ್ಲೆಯನ್ನು ಸಿದ್ಧಪಡಿಸಿದ್ದಾರೆ. ಅದನ್ನು ಚಕ್ರಕ್ಕೂ ಹಳಿಗೂ ಹಿಡಿದು ನೋಡಿದರೆ ಸರಿತಪ್ಪು ಆ ಕ್ಷಣವೇ ತಿಳಿಯುತ್ತದೆ. ಡಬ್ಬಿಯ ತೂಕಕ್ಕೂ ಸೂತ್ರವುಂಟು. ಎಚ್‌ಓ ಡಬ್ಬಿಗೆ ಮೊದಲು ಒಂದು ಔನ್ಸು, ಅದರ ಮೇಲೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸು. ಆರಂಗುಲದ ಡಬ್ಬಿಗೆ ನಾಲ್ಕು ಔನ್ಸು, ಎಂದರೆ 113 ಗ್ರಾಮು.

ಹಳಿ ಚಕ್ರ ಕೂಡಿದ ಮೇಲೆ ಬಂಡಿಯನ್ನು ಓಡಿಸುವುದು ಏತಕ್ಕೆ ಎಂಬ ಪ್ರಶ್ನೆ ಬಂದಿತು. ಸುಮ್ಮನೆ ಸುತ್ತು ಹಾಕಿಸುವುದರಲ್ಲಿ ಎಷ್ಟು ದಿನ ಸಂತೋಷ? ಇದಕ್ಕೆ ಸೊಗಸಾದ ಉತ್ತರ ಕೊಟ್ಟವರು ನ್ಯೂ ಆರ್ಲಿಯನ್ಸಿನ ಫ್ರಾಂಕ್ ಎಲಿಸನ್. ನಾಟಕ ಮಂಡಲಿಯ ಅನುಭವವಿದ್ದ ಈತ 1944ರಲ್ಲಿ ಅದೇ ಪತ್ರಿಕೆಗೆ ಲೇಖನಮಾಲೆ ಬರೆದು, ಮಾದರಿ ರೈಲುದಾರಿಯನ್ನು ರಂಗಭೂಮಿಗೆ ಹೋಲಿಸಿದರು. ಬೆಟ್ಟ, ಊರು, ಸ್ಟೇಷನ್ನುಗಳು ರಂಗಸಜ್ಜಿಕೆ, ರೈಲುಗಳು ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥಾವಸ್ತು. ಮೇಲ್ ಗಾಡಿ ಬರುವ ಹೊತ್ತಿಗೆ ಗೂಡ್ಸ್ ಗಾಡಿ ದಾರಿ ಬಿಟ್ಟು ಪಕ್ಕಕ್ಕೆ ಸರಿಯಬಲ್ಲುದೋ ಇಲ್ಲವೋ ಎಂಬ ಸಣ್ಣ ಆತಂಕದಲ್ಲಿ ನಾಟಕದ ಜೀವವಿದೆ. ದಾರಿ ಮೊಟಕಾದುದರಿಂದ ಕಾಲವನ್ನೂ ಮೊಟಕು ಮಾಡುತ್ತಾರೆ. ಗೋಡೆಯ ಮೇಲೆ ಬೇಗ ಓಡುವ ಗಡಿಯಾರವನ್ನಿಟ್ಟು, ನಮ್ಮ ಹತ್ತು ನಿಮಿಷವನ್ನು ಅವರ ಒಂದು ಗಂಟೆಯೆಂದು ಎಣಿಸುವುದುಂಟು. ಒಂದೊಂದು ಡಬ್ಬಿಗೂ ಒಂದು ಚೀಟಿ. ಯಾವ ಸರಕು, ಎಲ್ಲಿಂದ ಎಲ್ಲಿಗೆ ಎಂದು ಅದರಲ್ಲಿ ಬರೆದಿರುತ್ತದೆ. ಆ ಚೀಟಿಯಂತೆ ಡಬ್ಬಿಯನ್ನು ತಲುಪಿಸಿದರೆ ಕೆಲಸ ಆಯಿತು.

ತಂತಿಯ ವಿಚಾರವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಹಳಿಯಲ್ಲಿಯೇ ವಿದ್ಯುತ್ತು ಹರಿಯುವುದರಿಂದ, ಹಿಂದೆ ಒಂದೇ ಹಳಿಯ ಮೇಲೆ ಎರಡು ಎಂಜಿನುಗಳಿದ್ದರೆ ಎರಡೂ ಒಟ್ಟಿಗೇ ಹೊರಡುತ್ತಿದ್ದವು. ದಾರಿಯನ್ನು ತುಂಡುಗಳಾಗಿ ವಿಂಗಡಿಸಿ ಒಂದೊಂದಕ್ಕೂ ಸ್ವಿಚ್ಚು ಹಾಕಬೇಕಾಗಿತ್ತು. 1990ರ ದಶಕದಲ್ಲಿ ಮೇಲೆ ಹೇಳಿದ ಸಂಘವೇ ಅಂಗೀಕರಿಸಿದ ಅಂಕೀಯ ಪದ್ಧತಿಯಲ್ಲಿ ಪ್ರತಿ ಎಂಜಿನಿಗೂ ಒಂದು ವಿಳಾಸವುಂಟು; ಕರೆದದ್ದು ಮಾತ್ರ ಓಗೊಡುತ್ತದೆ. ಇಲ್ಲಿಯೂ ಅಳತೆ ಎಲ್ಲರಿಗೂ ಒಂದೇ ಆದುದರಿಂದ ಅತಿಥಿಯ ಎಂಜಿನು ಆತಿಥೇಯನ ಮನೆಯಲ್ಲಿಯೂ ಮಾತು ಕೇಳುತ್ತದೆ.

ಇನ್ನು ಎಲ್ಲಕ್ಕಿಂತ ರಸವತ್ತಾದ ಭಾಗ. ಮನೆಯಲ್ಲಿ ಕೋಣೆಯಿಲ್ಲದವನು ಏನು ಮಾಡಬೇಕು? 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಕೆಲವು ಹವ್ಯಾಸಿಗಳು ಇದಕ್ಕೆ ಎನ್‌ಟ್ರ್ಯಾಕ್ ಎಂಬ ಉಪಾಯವನ್ನು ಹೂಡಿದರು. ಒಬ್ಬೊಬ್ಬನೂ ನಾಲ್ಕಡಿ ಉದ್ದ, ಎರಡಡಿ ಅಗಲದ ಒಂದು ಹಲಗೆಯನ್ನು ಮಾತ್ರ ಮಾಡುತ್ತಾನೆ. ಮೂರು ಹಳಿಗಳು ಅದನ್ನು ಹಾದುಹೋಗಬೇಕು. ಹಲಗೆಯ ಎರಡು ತುದಿಗಳಲ್ಲಿ ಆ ಹಳಿಗಳು ಮುಂದಿನ ಅಂಚಿನಿಂದ 4, 5½, 7 ಅಂಗುಲಗಳ ದೂರದಲ್ಲಿಯೇ ಇರಬೇಕು. ಎತ್ತರವೂ ತಂತಿಯ ಕೊಂಡಿಯೂ ಗೊತ್ತುಮಾಡಿದಂತೆಯೇ. ಉಳಿದುದೆಲ್ಲ ಅವನಿಷ್ಟ. ಒಬ್ಬ ಮರುಭೂಮಿ ಮಾಡಲಿ, ಇನ್ನೊಬ್ಬ ಬಂದರು ಮಾಡಲಿ; ಅಂಚು ಅಂಚಿಗೆ ಕೂಡಿದರೆ ಸಾಕು.

ಕನ್ನಡ ಪಾಠ ಹೇಳುವ ನನಗೆ ಇದನ್ನು ಕೇಳಿದಾಗ ಸಮಸ್ಯಾಪೂರಣ ನೆನಪಾಗದಿರುವುದು ಸಾಧ್ಯವಿಲ್ಲ. ಕೊನೆಯ ಪಾದ ಕೊಟ್ಟದ್ದು, ಉಳಿದ ಮೂರು ಪಾದ ನಿನ್ನವು. ಛಂದಸ್ಸು ಮಾತ್ರ ಕೆಡಬಾರದು. ಅಷ್ಟಾವಧಾನದ ಸಭೆಯಲ್ಲಿ ಪೃಚ್ಛಕನೂ ಅವಧಾನಿಯೂ ಮೊದಲೇ ಕೂಡಿ ಮಾತಾಡಿಕೊಂಡಿರುವುದಿಲ್ಲ. ಆದರೂ ಪದ್ಯ ಕೂಡಿಬರುತ್ತದೆ.

ಯೂರೋಪಿನಲ್ಲಿ 1981ರಲ್ಲಿ ಹುಟ್ಟಿದ ಫ್ರೆಮೋ ಎಂಬ ಬಳಗ ಇದನ್ನು ಇನ್ನೂ ಮುಂದಕ್ಕೆ ಕೊಂಡೊಯ್ದಿತು. ಎನ್‌ಟ್ರ್ಯಾಕಿನ ಹಲಗೆಗಳು ಸೇರಿ ಸಾಮಾನ್ಯವಾಗಿ ಒಂದು ಸುತ್ತಾಗುತ್ತಿದ್ದವು. ಫ್ರೆಮೋದವರ ದಾರಿಗೆ ಸುತ್ತಿಲ್ಲ. ಅದು ಊರಿಂದ ಊರಿಗೆ ಹೋಗುತ್ತದೆ, ಕವಲೊಡೆಯುತ್ತದೆ. ಕೂಟಕ್ಕೆ ಮೊದಲು ಯಾರು ಯಾವ ಹಲಗೆ ತರುತ್ತಾರೆಂದು ತಿಳಿಸುತ್ತಾರೆ. ಒಬ್ಬರು ಕುಳಿತು ಸಭಾಂಗಣದ ಅಳತೆಗೆ ತಕ್ಕಂತೆ ಅವನ್ನೆಲ್ಲ ಕೂಡಿಸಿ ನಕ್ಷೆ ಬರೆಯುತ್ತಾರೆ; ಅದರ ಮೇಲೆ ವೇಳಾಪಟ್ಟಿ ಸಿದ್ಧವಾಗುತ್ತದೆ. ಎಚ್‌ಓ ಹಳಿ ನೆಲದಿಂದ 1.3 ಮೀಟರು ಎತ್ತರ, ನಿಂತವನ ಎದೆಯ ಮಟ್ಟ. ಹಿಂದೆಂದೂ ಒಬ್ಬರ ಮುಖವನ್ನೊಬ್ಬರು ಕಂಡಿರದವರ ಹಲಗೆಗಳು ಬೋಲ್ಟಿನಿಂದ ಬಿಗಿಯಾಗಿ ಒಂದೇ ದಾರಿಯಾಗುತ್ತವೆ. ಒಂದೊಂದು ಸ್ಟೇಷನ್ನಿಗೂ ಒಬ್ಬ ಮಾಸ್ತರು. ಮುಂದಿನ ಸ್ಟೇಷನ್ನಿಗೆ ಟೆಲಿಫೋನು ಮಾಡಿ ದಾರಿ ಕೇಳಿದ ಹೊರತು ಗಾಡಿ ಬಿಡುವಂತಿಲ್ಲ. ಎರಡು ಮೂರು ದಿನ ಹೀಗೆ ನಡೆದು, ಕೂಟ ಮುಗಿದೊಡನೆ ಇಡೀ ಸೀಮೆ ಕಳಚಿಕೊಂಡು ಪೆಟ್ಟಿಗೆ ಸೇರುತ್ತದೆ. ಆ ಜೋಡಣೆ ಮತ್ತೆ ಅದೇ ರೂಪದಲ್ಲಿ ಬರುವುದು ಅಪರೂಪ.

ಪೆಟ್ಟಿಗೆ ಸೇರುವ ಹಲಗೆಯನ್ನು ಮಗನೋ ಶಿಷ್ಯನೋ ಮುಂದೆಯೂ ಕೂಟಕ್ಕೆ ಒಯ್ಯಬಹುದು. ಕೋಣೆಯ ಗೋಡೆಗೇ ಅಂಟಿಸಿ ಕಟ್ಟಿದ ಲೇಔಟು ಕಟ್ಟಿದವನ ತರುವಾಯ ಏನಾಗುತ್ತದೆ? ಇದು ಈ ಹವ್ಯಾಸಿಗಳನ್ನು ಕಾಡುವ ಪ್ರಶ್ನೆ. ಬಹುಪಾಲಿಗೆ ಉತ್ತರ ಒಂದೇ: ಒಡೆದು ತೆಗೆಯುತ್ತಾರೆ.

ಕ್ಯಾಲಿಫೋರ್ನಿಯದ ಮಾಂಟೆರೆ ಎಂಬಲ್ಲಿ ಜಾನ್ ಆಲೆನ್ ಎಂಬ ಛಾಯಾಗ್ರಾಹಕರಿದ್ದರು. ಇವರ ಲೇಔಟಿನಲ್ಲಿ ಬೆಟ್ಟಗಳು ನೆಲದಿಂದ ಮಾಡಿನವರೆಗೆ ಏಳುತ್ತಿದ್ದವು. ಹೊಸ ಡಬ್ಬಿಗೆ ತುಕ್ಕು, ಮಸಿ, ಧೂಳಿನ ಬಣ್ಣ ಬಳಿದು ಹಳೆಯದಾಗಿಸುವ ಕಲೆಯನ್ನು ಬಹುಮಂದಿ ಇವರಿಂದ ಕಲಿತರು. ಹಾಸ್ಯವೂ ಇತ್ತು, ಎಮ್ಮಾ ಎಂಬ ಪುರಾತನ ಕಾಲದ ದೈತ್ಯ ಹಲ್ಲಿಯೊಂದು ಇವರ ಯಾರ್ಡಿನಲ್ಲಿ ಡಬ್ಬಿಗಳನ್ನು ತಳ್ಳುತ್ತಿತ್ತು. ಆಲೆನ್ನರು 1973ರ ಜನವರಿ 6ರಂದು ತೀರಿಕೊಂಡರು. ಹತ್ತು ದಿನಗಳ ಸುಮಾರಿಗೆ ಮನೆಗೆ ಬೆಂಕಿ ಬಿದ್ದು ಲೇಔಟು ಸುಟ್ಟುಹೋಯಿತು. ಆದರೆ ಅವರು ಪತ್ರಿಕೆಗಳಿಗೆ ಕಳುಹಿಸಿದ್ದ ಚಿತ್ರಗಳೂ ಲೇಖನಗಳೂ ಉಳಿದಿದ್ದವು. 1981ರಲ್ಲಿ ಲಿನ್ ವೆಸ್ಟ್‌ಕಾಟ್ ಬರೆದ ಪುಸ್ತಕ ಅವನ್ನು ಒಂದೆಡೆಗೆ ತಂದಿತು. ಆಲೆನ್ನರ ಮನೆಯ ಹೊಸ್ತಿಲನ್ನು ಕಾಣದವರೂ ಅದನ್ನು ನೋಡಿ ಬೆಟ್ಟ ಕಟ್ಟುತ್ತಾರೆ.

ಇಂಗ್ಲೆಂಡಿನ ಜಾನ್ ಅಹರ್ನ್ ಅವರ ಕೆಲಸಕ್ಕೆ ಬೇರೆ ಭಾಗ್ಯ ಒದಗಿತು. ಇತರರು ಬೋಳು ಹಲಗೆಯ ಮೇಲೆ ಹಳಿ ಹಾಕಿ ತೃಪ್ತರಾಗಿದ್ದ ಕಾಲದಲ್ಲಿ, ಹಳಿಯ ಎರಡು ಕಡೆಯೂ ಕಣಿವೆ, ಹಳ್ಳಿ, ರಟ್ಟಿನ ಮನೆಗಳನ್ನೆಲ್ಲ ಕಟ್ಟಿ ‘ಮ್ಯಾಡರ್ ವ್ಯಾಲಿ’ ಎಂಬ ಸೀಮೆಯನ್ನೇ ಸೃಷ್ಟಿಸಿದವರು ಅವರು. ಮನೆ ಕಟ್ಟುವ ಬಗೆಯನ್ನು 1947ರಲ್ಲಿ ಪುಸ್ತಕವಾಗಿಯೂ ಬರೆದರು. 1961ರಲ್ಲಿ ಅವರು ತೀರಿಕೊಂಡ ಮೇಲೆ ಆ ಲೇಔಟು ಆಕ್ಸ್‌ಫರ್ಡ್ ಪ್ರಾಂತದ ಲಾಂಗ್ ವಿಟನ್‌ಹ್ಯಾಮ್ ಹಳ್ಳಿಯ ಪೆಂಡನ್ ವಸ್ತುಸಂಗ್ರಹಾಲಯವನ್ನು ಸೇರಿತು. ರಟ್ಟು, ಅಂಟು, ಬಣ್ಣಗಳಿಂದಾದ ಆ ಮನೆಗಳು ಅಹರ್ನರ ತರುವಾಯವೂ ಅಲ್ಲಿ ನಿಂತಿವೆ.

ಅಷ್ಟು ದೂರ ಹೋಗಲಾರದವರು ಪುಣೆಗೆ ಹೋದಾಗ ಜೋಶಿಯವರ ಕಿರುರೈಲು ಸಂಗ್ರಹಾಲಯವನ್ನು ವಿಚಾರಿಸಬಹುದು; ಅದು ತೆರೆದದ್ದು 1998ರಲ್ಲಿ.