ಕೈಲಿದ್ದ ಕೆಲಸ ಬಿಟ್ಟೇಳುವ ಹೊತ್ತು

1535ರಲ್ಲಿ ಜರ್ಮನಿಯ ವಿಟ್ಟನ್‌ಬರ್ಗ್ ಊರಿನ ಕ್ಷೌರಿಕ ಪೀಟರ್, ಪ್ರಾರ್ಥನೆ ಮಾಡುವುದು ಹೇಗೆ ಎಂದು ಮಾರ್ಟಿನ್ ಲೂಥರರನ್ನು ಕೇಳಿದ. ಲೂಥರ್ ಅವನಿಗಾಗಿ ಒಂದು ಚಿಕ್ಕ ಪುಸ್ತಿಕೆಯನ್ನೇ ಬರೆದುಕೊಟ್ಟರು. ಬೆಳಿಗ್ಗೆ ಮೊದಲ ಕೆಲಸ ಪ್ರಾರ್ಥನೆ, ರಾತ್ರಿ ಕೊನೆಯ ಕೆಲಸವೂ ಅದೇ ಆಗಿರಲಿ. ಮೊದಲು ಇದೊಂದು ಮುಗಿಸಿ ಒಂದು ಗಂಟೆ ಬಿಟ್ಟು ಕೂತರಾಯಿತು ಎಂಬ ಯೋಚನೆ ಬಂದರೆ ಅದನ್ನು ನಂಬಲೇಬೇಡ ಎಂದು ಅದರಲ್ಲಿ ಎಚ್ಚರಿಸಿದರು. ಆ ಒಂದು ಗಂಟೆ ಇನ್ನೊಂದು ಕೆಲಸವನ್ನು ಎಳೆದು ತರುತ್ತದೆ, ಅದು ಮತ್ತೊಂದನ್ನು, ದಿನವೇ ಮುಗಿದುಹೋಗುತ್ತದೆ. ಸುಮಾರು ಐನೂರು ವರ್ಷದ ಹಿಂದಿನ ಈ ಮಾತಿಗೆ ಇವತ್ತು ಮೊಬೈಲೊಂದನ್ನು ಸೇರಿಸಿದರೆ ಸಾಕು, ಬೇರೇನೂ ಬದಲಾಗಿಲ್ಲ.

ಕ್ರೈಸ್ತರಿಗೆ ಸಮಯದ ಬಗ್ಗೆ ಬುದ್ಧಿ ಹೇಳುವವರು ಸಾಮಾನ್ಯವಾಗಿ ಪೌಲನು ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯವನ್ನು ಹಿಡಿಯುತ್ತಾರೆ. ಸಮಯ ಹಾಳುಮಾಡಬೇಡಿ ಎಂಬ ಪ್ರಸಂಗ ಕೇಳಿ ಮನೆಗೆ ಬಂದವರು, ಮೊದಲೇ ತುಂಬಿ ತುಳುಕುತ್ತಿದ್ದ ದಿನಕ್ಕೆ ಇನ್ನೂ ನಾಲ್ಕು ಕೆಲಸ ತುರುಕುತ್ತಾರೆ. ನನಗೆ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕಪೆರ್ನೌಮಿನಲ್ಲಿ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಯೇಸು ಅನೇಕರನ್ನು ಗುಣಪಡಿಸಿದರು. ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಒಬ್ಬರೇ ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸಿದರು. ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಎಂದು ಶಿಷ್ಯ ಸೀಮೋನ ಬಂದು ಹೇಳಿದಾಗ ವಾಪಸು ಹೋಗಲಿಲ್ಲ, ಪಕ್ಕದ ಊರುಗಳಿಗೆ ಹೊರಟರು. ಅಂದರೆ ಬಾಗಿಲಲ್ಲಿ ಕಾಯುವವರು ಇರುವಾಗಲೇ ಹೊರಟರು. ಯಾವುದನ್ನು ಮಾಡಬೇಕು ಎನ್ನುವಷ್ಟೇ, ಯಾವುದನ್ನು ಬಿಡಬೇಕು ಎನ್ನುವುದೂ ಆ ಪ್ರಾರ್ಥನೆಯ ಹೊತ್ತಿನಲ್ಲೇ ತೀರ್ಮಾನವಾಗಿರಬೇಕು.

ಹಾಗಾಗಿ ಮೊದಲು ಗೊತ್ತುಮಾಡಬೇಕಾದದ್ದು ಕೆಲಸಗಳ ಪಟ್ಟಿಯನ್ನಲ್ಲ, ನಿಲ್ಲುವ ಹೊತ್ತುಗಳನ್ನು. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಇಟಲಿಯ ಸನ್ಯಾಸಿಗಳಿಗೆ ಬರೆದ ನಿಯಮಾವಳಿ ಇದನ್ನು ಖಡಾಖಂಡಿತವಾಗಿ ಹೇಳುತ್ತದೆ: ಪ್ರಾರ್ಥನೆಯ ಸಂಕೇತ ಕೇಳಿಸಿದ ಕೂಡಲೇ ಕೈಲಿರುವುದನ್ನು ಇದ್ದಲ್ಲೇ ಬಿಟ್ಟು ಏಳಬೇಕು. ಕೆಲಸ ಮುಗಿಸಿ ಏಳುವುದಲ್ಲ, ಅರ್ಧಕ್ಕೇ ಏಳುವುದು. ಕೆಲಸ ನಮ್ಮದು, ಆದರೆ ನಾವು ಕೆಲಸದ ಸೊತ್ತಲ್ಲ ಎಂದು ದಿನಕ್ಕೆ ಹಲವು ಬಾರಿ ಮೈಗೆ ಅಭ್ಯಾಸ ಮಾಡಿಸುವ ಉಪಾಯ ಇದು.

ಮನೆಮಂದಿಗೆ ಇದರ ಚಿಕ್ಕ ರೂಪ ಆಂಜೆಲುಸ್ ಪ್ರಾರ್ಥನೆ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ಇಗರ್ಜಿಯ ಗಂಟೆ ಮೂರು ಮೂರು ಬಡಿತದಂತೆ ಮೂರು ಸಲ, ನಡುನಡುವೆ ಪ್ರಾರ್ಥನೆಗೆ ಬಿಡುವು ಕೊಟ್ಟು, ಕೊನೆಗೆ ಒಂಬತ್ತು ಬಡಿತ ಒಟ್ಟಿಗೆ. ಪ್ರಾರ್ಥನೆಗೆ ಎರಡು ಮೂರು ನಿಮಿಷ ಸಾಕು. ಕರಾವಳಿಯ ಕಥೋಲಿಕ ಮನೆಗಳಲ್ಲಿ ಸಂಜೆಯ ಗಂಟೆಯ ಬಳಿಕ ದೇವರ ಪೀಠದ ಎದುರು ಎಲ್ಲರೂ ಕೂತು ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುವ ರೂಢಿ ಇತ್ತು, ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಪ್ರೊಟೆಸ್ಟೆಂಟ್ ಮನೆಗಳಲ್ಲಿ ಆ ಜಾಗದಲ್ಲಿ ಕುಟುಂಬ ಪ್ರಾರ್ಥನೆ: ಒಂದು ಕೀರ್ತನೆ, ಸತ್ಯವೇದದ ಒಂದು ಭಾಗ, ಪ್ರಾರ್ಥನೆ.

ಇಗರ್ಜಿಯ ಗಂಟೆ ಕೇಳಿಸದ ಊರಲ್ಲಿರುವವರು ಅಲಾರಂ ಇಟ್ಟುಕೊಳ್ಳುವುದುಂಟು. ಅಲಾರಂ ಆರಿಸಲು ಮೊಬೈಲ್ ಎತ್ತಿದ ಕೈ ಅದನ್ನು ಕೆಳಗಿಡುವಷ್ಟರಲ್ಲಿ ಹತ್ತು ಮೆಸೇಜು ಓದಿರುತ್ತದೆ. ಅದಕ್ಕಿಂತ ಹೇಗೂ ತಪ್ಪದೆ ನಡೆಯುವ ಕೆಲಸಕ್ಕೆ ಗಂಟು ಹಾಕುವುದು ವಾಸಿ: ಬೆಳಗಿನ ಕಾಫಿ ಲೋಟ ಕೈಗೆ ಬರುವ ಮೊದಲು, ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು, ರಾತ್ರಿ ಬಾಗಿಲ ಚಿಲಕ ಹಾಕಿದ ಮೇಲೆ. ಮೂರೂ ಒಮ್ಮೆಲೇ ಬೇಡ, ಒಂದು ರೂಢಿಯಾದ ಮೇಲೆ ಇನ್ನೊಂದು.

ಇನ್ನು ಹೋದ ಹೊತ್ತಿನ ಲೆಕ್ಕ. ಇದರಲ್ಲಿ ಲೊಯೋಲದ ಸಂತ ಇಗ್ನೇಷಿಯಸರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಸೈನಿಕನಾಗಿದ್ದಾಗ 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ತಗುಲಿ ಹಾಸಿಗೆ ಹಿಡಿದು, ಆ ಹಾಸಿಗೆಯಲ್ಲೇ ಮನಸ್ಸು ತಿರುಗಿದ ಮನುಷ್ಯ. ಅವರು ರಚಿಸಿದ ಆಧ್ಯಾತ್ಮಿಕ ಸಾಧನೆಯ ಪುಸ್ತಕಕ್ಕೆ 1548ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು. ಅದರಲ್ಲೊಂದು ಸರಳ ಪಟ್ಟಿ ಇದೆ. ವಾರದ ಏಳು ದಿನಕ್ಕೆ ಏಳು ಜೋಡಿ ಗೆರೆ ಎಳೆದುಕೊಳ್ಳಬೇಕು. ತಿದ್ದಿಕೊಳ್ಳಬೇಕಾದ ಒಂದೇ ಒಂದು ತಪ್ಪನ್ನು ಆರಿಸಿ, ಬೆಳಿಗ್ಗೆ ಏಳುತ್ತಲೇ ಅದನ್ನು ನೆನೆಯಬೇಕು. ಮಧ್ಯಾಹ್ನದ ಊಟದ ನಂತರ ಗಂಟೆಗಂಟೆಯನ್ನೂ ಹಿಂದಿರುಗಿ ನೋಡಿ, ಎಷ್ಟು ಸಲ ಎಡವಿದೆನೋ ಅಷ್ಟು ಚುಕ್ಕಿ ಮೇಲಿನ ಗೆರೆಯ ಮೇಲೆ. ರಾತ್ರಿ ಊಟದ ನಂತರದ ಚುಕ್ಕಿಗಳು ಕೆಳಗಿನ ಗೆರೆಗೆ. ಆಮೇಲೆ ಗೆರೆಗೆ ಗೆರೆ, ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸುವುದು. ಎಡವಿದ ಆ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟುಕೊಳ್ಳಬೇಕಂತೆ. ನಾಲ್ಕು ಜನರ ಮಧ್ಯೆ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಸೂಚನೆಯೂ ಜೊತೆಗಿದೆ. ಎಷ್ಟು ವ್ಯವಹಾರ ಬಲ್ಲ ಸಂತ!

ಕಾರಣವಿಲ್ಲದೆ ಮೊಬೈಲ್ ಎತ್ತಿಕೊಂಡದ್ದು ಎಂಬ ಒಂದನ್ನೇ ಇಟ್ಟುಕೊಂಡು ಹಳೆಯ ನೋಟುಬುಕ್ಕಿನ ಒಂದು ಹಾಳೆಯಲ್ಲಿ ಇದನ್ನು ಮಾಡಿ ನೋಡಬಹುದು. ಅಂಗಡಿಯವರಾದರೆ ಗಿರಾಕಿಯ ಮೇಲೆ ಸಿಡುಕಿದ್ದು, ಅಧ್ಯಾಪಕರಾದರೆ ತರಗತಿಗೆ ತಡವಾಗಿ ಹೋದದ್ದು. ಮೊದಲ ಎರಡು ದಿನ ಗೆರೆಯಲ್ಲಿ ಜಾಗ ಸಾಲದೇ ಹೋಗಬಹುದು. ದಿನದ ಒಟ್ಟು ಅವಲೋಕನವನ್ನು ಮಾತ್ರ ಇಗ್ನೇಷಿಯಸರು ತಪ್ಪಿನಿಂದ ಶುರುಮಾಡುವುದಿಲ್ಲ. ಮೊದಲು ದೇವರಿಂದ ಸಿಕ್ಕಿದ್ದಕ್ಕೆ ಕೃತಜ್ಞತೆ, ನಂತರ ತಪ್ಪು ಕಾಣಲು ಬೆಳಕಿಗಾಗಿ ಬೇಡಿಕೆ, ಆಮೇಲೆ ದಿನದ ಲೆಕ್ಕ, ಕ್ಷಮೆ, ನಾಳೆಯ ನಿರ್ಧಾರ. ಈ ಕ್ರಮ ತಪ್ಪಿದರೆ ಅವಲೋಕನ ಹೋಗಿ ಬರೀ ಕೊರಗು ಉಳಿಯುತ್ತದೆ.

ಸತ್ಯವೇದ ಓದುವ ಯೋಜನೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಪ್ರೊಟೆಸ್ಟೆಂಟರ ಬೈಬಲ್‌ನಲ್ಲಿ 66 ಪುಸ್ತಕ, 1189 ಅಧ್ಯಾಯ. ದಿನಕ್ಕೆ ಮೂರರಿಂದ ನಾಲ್ಕು ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಹೊಸ ವರ್ಷದ ಹುರುಪಿನಲ್ಲಿ ಹೊರಟವರು ಆದಿಕಾಂಡ, ವಿಮೋಚನಕಾಂಡ ದಾಟಿ ಫೆಬ್ರವರಿ ಹೊತ್ತಿಗೆ ಯಾಜಕಕಾಂಡದ ಬಲಿಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರ್ರೆ ಮಕ್‌ಚೇನ್ 1842ರಲ್ಲಿ ತಮ್ಮ ಸಭೆಗೆ ಮಾಡಿಕೊಟ್ಟ ಪಟ್ಟಿಯಲ್ಲಿ ದಿನಕ್ಕೆ ನಾಲ್ಕು ಬೇರೆ ಬೇರೆ ಪುಸ್ತಕಗಳ ಅಧ್ಯಾಯ ಬರುತ್ತವೆ. ಒಂದು ಕಡೆ ದಾರಿ ಕಠಿಣವಾದರೂ ಇನ್ನೊಂದು ಕಡೆ ಬೇರೆ ದಾರಿ ಇರುತ್ತದೆ. ಓದು ಬರೀ ಶಾಸ್ತ್ರವಾಗಿ, ಹೊರಲಾರದ ನೊಗವಾಗಿಬಿಡಬಹುದು ಎಂಬ ಅಪಾಯವನ್ನೂ ಅವರೇ ಬರೆದಿಟ್ಟರು. ಮರುವರ್ಷವೇ, 29ರ ಪ್ರಾಯದಲ್ಲಿ, ತೀರಿಕೊಂಡರು. ಬಿಟ್ಟುಹೋದ ದಿನಗಳ ಬಾಕಿ ತೀರಿಸಲು ಹೋಗಬೇಡಿ. ಇವತ್ತಿನ ತಾರೀಖಿನದ್ದನ್ನು ಓದಿ ಮುಂದೆ ಹೋಗಿ.

ಭಾನುವಾರದ್ದು ಬೇರೆಯೇ ತೊಡಕು. ಆಸ್ಪತ್ರೆಯ ಶಿಫ್ಟಿನಲ್ಲಿರುವ ನರ್ಸಿಗೆ ಭಾನುವಾರ ಯಾವಾಗಲೂ ಭಾನುವಾರ ಬರುವುದಿಲ್ಲ. ಕಥೋಲಿಕರಿಗೆ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೆ ಸಲ್ಲುತ್ತದೆ. ಅದು ಸಭೆಯ ನಿಯಮದಲ್ಲೇ ಇದೆ. ಕುವೈತ್‌ನಲ್ಲಿರುವ ನಮ್ಮ ಕರಾವಳಿಯವರಿಗೆ ವಾರದ ರಜೆ ಶುಕ್ರವಾರ, ಶನಿವಾರ. ಹಾಗಾಗಿ ಶುಕ್ರವಾರವೇ ಅಲ್ಲಿ ದೇವಾಲಯ ತುಂಬುತ್ತದೆ. ಯುಎಇ ಸರಕಾರ 2022ರ ಜನವರಿಯಿಂದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಿಸಿದಾಗ ಅಲ್ಲಿನವರ ಎಷ್ಟೋ ವರ್ಷಗಳ ರೂಢಿಯೂ ತಲೆಕೆಳಗಾಯಿತು. ವಾರ ಯಾವುದಾದರೂ ಸರಿ, ಒಂದು ದಿನ ಸಂಪಾದನೆಯ ಲೆಕ್ಕದಿಂದ ಹೊರಗಿರಲಿ.

ಆದರೆ ಯಾರಿಗೆ ವಿಶ್ರಾಂತಿ? ಧರ್ಮೋಪದೇಶಕಾಂಡದ ಸಬ್ಬತ್ ಆಜ್ಞೆ ನಿನ್ನ ಹಾಗೆಯೇ ನಿನ್ನ ಆಳೂ ವಿಶ್ರಮಿಸಬೇಕು ಎನ್ನುತ್ತದೆ, ಎತ್ತು ಕತ್ತೆಗಳನ್ನೂ ಬಿಡುವುದಿಲ್ಲ. ನಮ್ಮ ಮನೆಗಳಲ್ಲಿ ಭಾನುವಾರವೇ ಅಡುಗೆ ಜಾಸ್ತಿ. ಪೂಜೆಯಿಂದ ಬಂದ ಅಮ್ಮ ಸೀರೆ ಬದಲಿಸುವ ಮೊದಲೇ ಒಲೆ ಹಚ್ಚಿ ಕೋಳಿ ಸಾರಿಗೆ ತೆಂಗಿನಕಾಯಿ ಹುರಿಯುತ್ತಿರುತ್ತಾಳೆ. ಉಳಿದವರು ಪೇಪರು ಹಿಡಿದು ಸಬ್ಬತ್ ಆಚರಿಸುತ್ತಿರುತ್ತಾರೆ. ಶನಿವಾರ ರಾತ್ರಿ ಎಲ್ಲರೂ ಸೇರಿ ಮಸಾಲೆ ಅರೆದಿಟ್ಟು, ಊಟದ ನಂತರದ ಪಾತ್ರೆ ಗಂಡಸರು ತೊಳೆದರೆ ಆ ಆಜ್ಞೆ ಮನೆಯೊಳಗೆ ಬಂದಂತೆ.

ಇನ್ನೊಂದು ಮಾತನ್ನು ಹೇಳಲು ಜನ ಅಂಜುತ್ತಾರೆ. ಕ್ರೈಸ್ತರ ಸಮಯವನ್ನು ಹೆಚ್ಚು ತಿನ್ನುವವುಗಳಲ್ಲಿ ಇಗರ್ಜಿ, ಸಭೆಗಳ ಕಾರ್ಯಕ್ರಮವೂ ಒಂದು. ವಾರ್ಡಿನ ಮೀಟಿಂಗು, ಸಂಘದ ಮೀಟಿಂಗು, ಹಬ್ಬದ ಸಮಿತಿ, ಆ ಸಮಿತಿಯ ಉಪಸಮಿತಿ. ದೇವರ ಕೆಲಸ ಎನ್ನುವ ಹೆಸರಿರುವುದರಿಂದ ಬೇಡ ಎನ್ನಲು ಬಾಯಿ ಬರುವುದಿಲ್ಲ; ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತಾರೆ. ವರ್ಷಕ್ಕೆ ಒಂದೇ ಜವಾಬ್ದಾರಿ ಎಂದು ಮೊದಲೇ ನಿಶ್ಚಯಿಸಿ, ಎರಡನೆಯದಕ್ಕೆ ಕರೆದವರಿಗೆ ಕಾರಣ ಹೇಳಿ ಕೈಮುಗಿಯಿರಿ. ಒಪ್ಪಿಕೊಂಡ ಸಮಿತಿಯಲ್ಲಾದರೂ, ಪ್ರಾರ್ಥನೆಯೊಂದಿಗೆ ಆರಂಭ ಎಂದು ಬರೆಯುವ ನೋಟೀಸಿನಲ್ಲಿ ಮುಗಿಯುವ ಹೊತ್ತನ್ನೂ ಬರೆಯುವಂತೆ ಕಾರ್ಯದರ್ಶಿಗೆ ಹೇಳಿ.